ಚಕ್ರಕ್ಕೆ ತುಂಬಿದ ನೀರು

ಪ್ರೀತಿಯ ಅಪ್ಪಾ,

ಅಕ್ಕನ ಮನೆಯಲ್ಲಿ ಮುರಿದ ಕಾಲನ್ನು ಅಲುಗಿಸದೆ ಕೂತಿದ್ದೀಯ ಎಂದು ನಂಬಿದ್ದೇನೆ. ಬೈಯಬೇಡ, ಟ್ರ್ಯಾಕ್ಟರಿನ ಹಿಂದಿನ ಚಕ್ರಗಳ ಟ್ಯೂಬಿಗೆ ನೀರು ತುಂಬಿಸಿದೆ. ಏರಿನ ಹೊಲದಲ್ಲಿ ಭಾರ ಸಾಲದೆ ಅವು ನಿಂತಲ್ಲೇ ಗಿರಗಿರ ಸುತ್ತುತ್ತಿದ್ದವು.

ಮೊದಲು ವಾಲ್ವನ್ನು ಕೆಳಗಿಟ್ಟುಕೊಂಡೇ ಪೈಪು ಸಿಕ್ಕಿಸಿದ್ದೆ. ಪೈಪು ಕಿತ್ತಾಗ ನೀರೆಲ್ಲ ನನ್ನ ಮುಖಕ್ಕೇ ಚಿಮ್ಮಿತು. ಪಂಕ್ಚರ್ ಅಂಗಡಿಯವರು ಹೊಟ್ಟೆ ಹಿಡಿದುಕೊಂಡು ನಕ್ಕು, "ವಾಲ್ವ್ ಮೇಲಕ್ಕೆ ಬರೋ ಹಾಗೆ ಚಕ್ರ ತಿರುಗಿಸಮ್ಮಾ" ಅಂದರು. ಒಂದೊಂದು ಚಕ್ರವೂ ಇನ್ನೂರು ಲೀಟರ್ ಕುಡಿಯಿತು. ಆಮೇಲೆ ಟ್ರ್ಯಾಕ್ಟರು ಜಾರದೆ ಏರು ಹತ್ತಿತು.

ಚಿಕ್ಕವಳಿದ್ದಾಗ ನನ್ನನ್ನು ಮಡ್‌ಗಾರ್ಡ್ ಮೇಲೆ ಕೂರಿಸಿಕೊಂಡು, "ಗುಂಡುಕಲ್ಲು, ನೀನು ಕೂತ್ರೆ ಮಾತ್ರ ಚಕ್ರ ಜಾರಲ್ಲ" ಅನ್ನುತ್ತಿದ್ದೆಯಲ್ಲ? ನಾನಿಲ್ಲದೆ ಉಳುಮೆಯೇ ನಡೆಯುವುದಿಲ್ಲವೆಂದು ಶಾಲೆಯಿಂದ ಒಂದೇ ಉಸಿರಿಗೆ ಓಡಿ ಬರುತ್ತಿದ್ದೆ. ಆಗ ನಾನು ಇಪ್ಪತ್ತು ಕೆ.ಜಿ. ಇದ್ದೆನೋ ಇಲ್ಲವೋ. ನಾನೂರು ಲೀಟರ್ ನೀರು ಮಾಡುವ ಕೆಲಸಕ್ಕೆ ಇಪ್ಪತ್ತು ಕೆ.ಜಿ.! ಎಂಥ ಸುಳ್ಳುಗಾರನಪ್ಪಾ ನೀನು.

ಮಾತ್ರೆ ತಪ್ಪಿಸಬೇಡ. ಬೇಗ ಬಾ. ಈಗ ಸ್ಟೀರಿಂಗ್ ನನ್ನ ಕೈಯಲ್ಲಿದೆ. ಮಡ್‌ಗಾರ್ಡ್ ಮೇಲೆ ನಿನಗಾಗಿ ಗೋಣಿಚೀಲ ಮಡಚಿಟ್ಟಿದ್ದೇನೆ. ನೀನು ಕೂತ್ರೆ ಮಾತ್ರ ಚಕ್ರ ಜಾರಲ್ಲ.

ನಿನ್ನ,
ಗುಂಡುಕಲ್ಲು