ಎಡಗೈ ಮೆಟ್ಟಿಲು

ಅಜ್ಜಾ, ನಾನು ಕ್ಷೇಮ. ನಡೆದೂ ನಡೆದೂ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿದೆ, ಅಷ್ಟೇ. ಈ ಮಹಾನಗರದ ಗಲ್ಲಿಗಲ್ಲಿಯ ಕಥೆ ಬಲ್ಲ ನಿವೃತ್ತ ನಲ್ಲಿ ರಿಪೇರಿಯವರೊಬ್ಬರು ಇವತ್ತು ಹಳೇ ಮುದ್ರಣಾಲಯದ ಹಿಂದಿನ ಕಲ್ಲಿನ ಮೆಟ್ಟಿಲುಗಳ ಮೇಲೆ ಕೂತು ಅವುಗಳ ಕೆತ್ತನೆ ತೋರಿಸಿದರು. ಇಷ್ಟು ವರ್ಷಕ್ಕೂ ಒಂದೂ ಅಲುಗಾಡಿಲ್ಲ!

"ಉಳಿ ಗೆರೆ ನೋಡಮ್ಮ, ಊರಲ್ಲೆಲ್ಲಾ ಒಂದು ಕಡೆ ವಾಲಿದ್ರೆ ಇಲ್ಲಿ ಉಲ್ಟಾ. ಯಾರೋ ಎಡಚ ಕಡೆದಿರೋದು. ಯಾರು ಅಂತ ಯಾರಿಗೂ ಗೊತ್ತಿಲ್ಲ."

"ನಮ್ಮಜ್ಜ" ಎಂದೆ. ಕೂತಿದ್ದವರು ತಟ್ಟನೆ ಎದ್ದು ನಿಂತರು.

ಈ ಕಾರ್ಡನ್ನು ಅಪ್ಪನ ಕೈಲೇ ಗಟ್ಟಿಯಾಗಿ ಓದಿಸು. ನಲವತ್ತು ಮೆಟ್ಟಿಲು ನಾನೊಬ್ಬನೇ ಕಡೆದೆ ಎಂದು ನೀನು ಅಂದಾಗೆಲ್ಲ, ಬಡಾಯಿ ಎಂದು ಜೋರಾಗಿ ನಗುತ್ತಿದ್ದವನು ಅವನೇ. ಜಾಗ ಮುಗಿಯಿತು. ಎಣಿಸಿದೆ ಅಜ್ಜಾ, ನಲವತ್ತೆರಡಿವೆ.

ನಿನ್ನ ಮೊಮ್ಮಗಳು