ಈ ಊರಿಗೆ ಗಂಡುಮಕ್ಕಳು, ಮೇಲಿನ ಊರಿಗೆ ಹೆಣ್ಣುಮಕ್ಕಳು

ಮಾನ್ಯ ಪಕ್ಷಾಧ್ಯಕ್ಷರೇ,

ಬರುವ ಭಾನುವಾರ ನಿಮ್ಮ ಪಕ್ಷದ ಸಂಸದರು ನಮ್ಮೂರಿನ ಇಗರ್ಜಿಯಲ್ಲಿ ನನ್ನ ಮೊಮ್ಮಗನಿಗೆ ನೀರಲ್ಲಿ ಮುಳುಗಿಸಿ ಹೆಸರಿಡುವ ಹೊತ್ತಿಗೆ ಅವನನ್ನು ಎತ್ತಿಕೊಂಡು ನಿಂತು ಅವನ ಜ್ಞಾನತಂದೆಯಾಗುತ್ತಾರಂತೆ. ಅವರನ್ನು ಕಳಿಸಬೇಡಿ. ಅಥೆನ್ಸಿನಲ್ಲಿ ಕೂತ ನಿಮಗೆ ಇದು ಯಾವುದೋ ಅಜ್ಜಿಯ ಮನೆಜಗಳ ಅನ್ನಿಸಬಹುದು. ಮನೆಜಗಳವೇ ಹೌದು. ಆದರೆ ಆ ಮನೆಗೆ ನೀವು ಕರೆಯದೆ ಬಂದಿದ್ದೀರಿ, ಅದೂ ಬರುವುದಿಲ್ಲ ಎಂದು ಆಣೆ ಇಟ್ಟ ಮೇಲೆ. ಅದಕ್ಕೇ ಈ ಪತ್ರ ನಿಮ್ಮ ಕಚೇರಿಗೆ ಹೋಗದೆ ಪತ್ರಿಕೆಗೆ ಹೋಗುತ್ತಿದೆ.

ನಾನು ಪ್ಲಾತನೋವ್ರಿಸಿಯಲ್ಲಿ ಜ್ಞಾನಸ್ನಾನದ ಉಡುಪಿನ ಅಂಗಡಿ ಇಟ್ಟುಕೊಂಡವಳು. ಬಿಳಿ ಅಂಗಿ, ಟೋಪಿ, ಅಂಗೈಯಗಲದ ಬೂಟು, ಕಸೂತಿಯ ಟವೆಲು, ರಿಬ್ಬನ್ನು ಕಟ್ಟಿದ ಮೇಣದಬತ್ತಿ, ಹಂಚುವುದಕ್ಕೆ ಸಕ್ಕರೆ ಬಾದಾಮಿ, ಎಲ್ಲ ನನ್ನಲ್ಲೇ ಸಿಗಬೇಕು. ಇವನ್ನೆಲ್ಲ ಕೊಳ್ಳುವುದು ಜ್ಞಾನತಂದೆಯ ಪಾಲಿನ ಕೆಲಸ. ಹಾಗಾಗಿ ಯಾರ ಮಗುವನ್ನು ಯಾರು ಎತ್ತುತ್ತಾರೆ ಎಂಬುದು ಪಾದ್ರಿಗಿಂತ ಮೊದಲು ನನಗೆ ಗೊತ್ತಾಗುತ್ತದೆ. ಚುನಾವಣೆ ಹತ್ತಿರ ಬಂತೆಂದು ನಾನು ಟೀವಿ ನೋಡಿ ತಿಳಿದವಳಲ್ಲ. ಬೂಟುಗಳ ಕಪಾಟು ಬರಿದಾಗತೊಡಗಿದರೆ ಸಾಕು, ಯಾರೋ ಓಟಿಗೆ ನಿಂತಿದ್ದಾರೆ ಎಂದೇ ಲೆಕ್ಕ.

ಎರಡು ವರ್ಷದ ಹಿಂದೆ ನೀವೇ ನಮ್ಮ ಚೌಕಕ್ಕೆ ಬಂದಿರಿ. ಚಿನಾರ್ ಮರದ ಕೆಳಗೆ ಹಣ್ಣಿನ ಪೆಟ್ಟಿಗೆಯೊಂದರ ಮೇಲೆ ಹತ್ತಿ ನಿಂತಿರಿ. ತೋಳು ಮಡಿಸಿದ ಅಂಗಿ, ಬೆವರು, ಬೆನ್ನ ಹಿಂದೆ ತೆರೆದ ಕಿಟಕಿಯ ಚಿತ್ರವಿದ್ದ ಪಕ್ಷದ ಬಾವುಟ. "ಈ ದೇಶದಲ್ಲಿ ಮಗು ಹುಟ್ಟಿದ ಕೂಡಲೇ ಅದರ ಕೊರಳಿಗೆ ಒಬ್ಬ ರಾಜಕಾರಣಿ ಜೋತು ಬೀಳ್ತಾನೆ. ನಮ್ಮ ಪಕ್ಷದ ಒಬ್ಬನೇ ಒಬ್ಬ ಪ್ರತಿನಿಧಿ ಯಾರ ಮಗುವಿಗೂ ಜ್ಞಾನತಂದೆ ಆಗಲ್ಲ. ಕೆಲಸ ನಿಮ್ಮ ಹಕ್ಕು, ಮಗು ನಿಮ್ಮ ಸ್ವಂತದ್ದು," ಎಂದಿರಿ. ನನ್ನ ಹೊಟ್ಟೆಯ ಮೇಲೆ ಹೊಡೆಯುವ ಆ ಮಾತಿಗೆ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವಳು ನಾನು. ಪಕ್ಕದಲ್ಲಿದ್ದ ಕಾಫಿ ಅಂಗಡಿಯ ಸೊಟೀರಿಸ್ ನನ್ನ ಕೈ ಹಿಡಿದು ನಿಲ್ಲಿಸಿದ. "ಅಸಿಮೀನಾ, ಅಷ್ಟು ಜೋರಾಗಿ ತಟ್ಟಬೇಡ. ಗಾದೆ ಕೇಳಿಲ್ವಾ, ಮನೋಲಿಸ್ ಬದಲಾದನಂತೆ, ಹಾಕಿದ್ದ ಅಂಗೀನೇ ತಿರುವಿ ಹಾಕ್ಕೊಂಡನಂತೆ," ಎಂದ. ಅವನನ್ನು ಹಾಳು ಬಾಯಿಯವನೆಂದು ಬೈದೆ. ಈಗ ಅವನ ಅಂಗಡಿಯ ಮುಂದೆ ಹಾದು ಹೋಗುವುದಕ್ಕೆ ನಾಚಿಕೆಯಾಗುತ್ತದೆ.

ನಾನು ಅಷ್ಟು ಜೋರಾಗಿ ಯಾಕೆ ತಟ್ಟಿದೆ ಎಂದು ಕೇಳುತ್ತೀರಾ? ನನ್ನ ಮಗಳ ಹೆಸರು ಲೆಮೋನ್ಯಾ. ಆಗಬೇಕಾಗಿದ್ದದ್ದು ವಾಯಾ. ಅದು ನನ್ನ ಅತ್ತೆಯ ಹೆಸರು, ಮೊದಲ ಹೆಣ್ಣುಮಗುವಿಗೆ ಅವರ ಹೆಸರೇ ಸಲ್ಲಬೇಕು. ನನ್ನ ಗಂಡ ಅರ್ಗೀರಿಸ್‌ಗೆ ಹತ್ತಿ ಗೋದಾಮಿನಲ್ಲಿ ಕಾವಲು ಕೆಲಸ ಸಿಗಲೆಂದು ಮಾವನವರು ಆಗಿನ ಸಂಸದರ ಕೈಕಾಲು ಹಿಡಿದು ಜ್ಞಾನತಂದೆಯಾಗುವಂತೆ ಒಪ್ಪಿಸಿದ್ದರು. ಆ ಮಹಾನುಭಾವರಿಗೆ ಅದೇ ದಿನ ಬೇರೆ ಊರುಗಳಲ್ಲೂ ಎತ್ತಬೇಕಾದ ಮಕ್ಕಳಿದ್ದವು. ಪಾದ್ರಿ ಹೆಸರೇನು ಎಂದು ಕೇಳಿದಾಗ ಅವರು ಮುಂದಿನ ಊರಿನ ಮಗುವಿನ ಹೆಸರು ಹೇಳಿಬಿಟ್ಟರು. ಜ್ಞಾನತಂದೆಯ ಬಾಯಿಂದ ಬಂದದ್ದೇ ಹೆಸರು. ನಾವು ಅಯ್ಯೋ ಅನ್ನುವುದರೊಳಗೆ ಮಗು ಮೂರು ಸಲ ನೀರಿನಲ್ಲಿ ಮುಳುಗಿ ಲೆಮೋನ್ಯಾ ಆಗಿ ಎದ್ದಿತ್ತು. ಅತ್ತೆ ಹೊಸ ಕರಿ ತಲೆವಸ್ತ್ರ ಕಟ್ಟಿಕೊಂಡು ಮುಂದಿನ ಸಾಲಿನಲ್ಲಿ ನಿಂತಿದ್ದರು. ಒಂದು ಮಾತೂ ಆಡದೆ ಹೊರಗೆ ನಡೆದರು, ಊಟಕ್ಕೂ ಕೂರಲಿಲ್ಲ. ಸಾಯುವವರೆಗೂ ನನ್ನ ಮಗಳನ್ನು "ಆ ಹುಡುಗಿ" ಎಂದೇ ಕರೆದರು. ಸಂಸದರು ಚಿನ್ನದ ಶಿಲುಬೆ ಕೊಟ್ಟು, ಸುಟ್ಟ ಕುರಿಮರಿಯ ಒಳ್ಳೆಯ ತುಂಡನ್ನೇ ಬಾಯಿಗೆ ಹಾಕಿಕೊಂಡು, ಬಾಟಲಿಯೊಂದನ್ನು ಕಂಕುಳಲ್ಲಿ ಇರುಕಿಕೊಂಡು ಹೋದರು. ಉಂಡೂ ಹೋದ, ಕೊಂಡೂ ಹೋದ ಅನ್ನುತ್ತಾರಲ್ಲ, ಹಾಗೆ. ಅರ್ಗೀರಿಸ್‌ಗೆ ಕೆಲಸವೇನೋ ಸಿಕ್ಕಿತು.

ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದನಂತೆ. ನೀವೂ ಗೆದ್ದ ವರ್ಷ ಚೆನ್ನಾಗಿಯೇ ಒಗೆದಿರಿ. ನಿಮ್ಮ ಸಂಸದರು ಬಸ್ಸಿನಲ್ಲಿ ಓಡಾಡಿದರು, ಕಚೇರಿಯ ಬಾಗಿಲಿಗೆ ಚಿಲಕವೇ ಬೇಡವೆಂದರು. ನನ್ನ ವ್ಯಾಪಾರ ನಿಜವಾಗಿಯೂ ಇಳಿಯಿತು, ಇಳಿದದ್ದಕ್ಕೆ ಸಂತೋಷಪಟ್ಟೆ. ಈ ವಸಂತದಲ್ಲಿ ಒಂದು ದಿನ ಅಂಗಡಿಗೆ ಫೋನು ಬಂತು. ನಿಮ್ಮ ಸಂಸದರ ಕಚೇರಿಯ ಯಾವನೋ ಸಭ್ಯ ದನಿಯವನು.

"ಒಂಬತ್ತು ಸೆಟ್ಟು ಬೇಕಿತ್ತಮ್ಮ. ಎಲ್ಲಾ ಗಂಡುಮಕ್ಕಳದ್ದು."

"ಒಂಬತ್ತೂ ಗಂಡೇನಪ್ಪಾ? ನಮ್ಮೂರಲ್ಲಿ ಹೆಣ್ಣು ಹುಟ್ಟೋದು ನಿಂತುಹೋಯ್ತಾ?"

"ಹಂಗಲ್ಲಮ್ಮ. ಈ ಊರಿಗೆ ಗಂಡುಮಕ್ಕಳು, ಮೇಲಿನ ಊರಿಗೆ ಹೆಣ್ಣುಮಕ್ಕಳು. ಬಿಲ್ಲು ಮಾತ್ರ ಸರಿಯಾಗಿ ಹಾಕಿ, ಪಕ್ಷದ ಹೆಸರಿಗೇ. ನಮ್ಮದೆಲ್ಲಾ ಪಾರದರ್ಶಕ."

ನಾನು ಆರ್ಡರು ಬರೆದುಕೊಂಡು ಫೋನಿಟ್ಟೆ. ನಗರದ ಓದುಗರಿಗೆ ಇದರ ಮರ್ಮ ಗೊತ್ತಿಲ್ಲದಿರಬಹುದು, ಹೇಳುತ್ತೇನೆ. ಒಬ್ಬನೇ ಜ್ಞಾನತಂದೆ ಎತ್ತಿದ ಮಕ್ಕಳು ನಮ್ಮ ಧರ್ಮದಲ್ಲಿ ಅಣ್ಣತಂಗಿಯರಿದ್ದಂತೆ, ಅವರು ಮದುವೆಯಾಗುವಂತಿಲ್ಲ. ಸಂಸದನೊಬ್ಬ ಒಂದೇ ಊರಲ್ಲಿ ಗಂಡು ಹೆಣ್ಣು ಎರಡನ್ನೂ ಎತ್ತಿದರೆ, ಇಪ್ಪತ್ತು ವರ್ಷದ ಮೇಲೆ ಊರಿನ ಅರ್ಧ ಜೋಡಿಗಳು ಇಗರ್ಜಿಯ ಬಾಗಿಲಲ್ಲಿ ನಿಂತು ಅವನಿಗೆ ಶಾಪ ಹಾಕುತ್ತವೆ. ಅದಕ್ಕೇ ಜಾಣ ರಾಜಕಾರಣಿ ಒಂದು ಊರಲ್ಲಿ ಗಂಡನ್ನು, ಇನ್ನೊಂದರಲ್ಲಿ ಹೆಣ್ಣನ್ನು ಎತ್ತುತ್ತಾನೆ. ಹಳೆಯ ಸಂಸದರು ನಮ್ಮೂರಿನಲ್ಲಿ ಹೆಣ್ಣುಮಕ್ಕಳನ್ನು ಎತ್ತುತ್ತಿದ್ದರು, ನಿಮ್ಮವರು ಗಂಡುಮಕ್ಕಳನ್ನು ಎತ್ತುತ್ತಾರೆ. ಅಧ್ಯಕ್ಷರೇ, ಬದಲಾವಣೆ ಬದಲಾವಣೆ ಎಂದು ನೀವು ಕೂಗಿದ್ದು ಇದನ್ನೇ ಏನು? ಇದು ಯಾರೋ ಒಬ್ಬ ಬಡ ತಂದೆಯ ಕಣ್ಣೀರಿಗೆ ಕರಗಿ ಒಂದು ಮಗುವನ್ನು ಎತ್ತಿದ ತಪ್ಪಾಗಿದ್ದರೆ ನಾನು ಬಾಯಿ ಮುಚ್ಚಿಕೊಂಡಿರುತ್ತಿದ್ದೆ. ಕರಗಿದವನು ಗಂಡೋ ಹೆಣ್ಣೋ ಎಂದು ನೋಡುವುದಿಲ್ಲ. ಊರು ಹಂಚಿಕೊಂಡು ಬಂದವನು ಇಪ್ಪತ್ತು ವರ್ಷ ಇಲ್ಲೇ ಮೇಯುವುದಕ್ಕೆ ಬಂದಿದ್ದಾನೆ.

ಇನ್ನು ನನ್ನ ಮನೆಯ ಮಾತು. ನನ್ನ ಅಳಿಯ ಲಾಂಬ್ರೋಸ್ ಪುರಸಭೆಯ ನೀರು ಸರಬರಾಜಿನಲ್ಲಿ ಎಂಟೆಂಟು ತಿಂಗಳ ಗುತ್ತಿಗೆಯ ಮೇಲೆ ಇದ್ದಾನೆ. ಪುರಸಭೆ ಈಗ ನಿಮ್ಮದೇ. ಅವನ ಎರಡನೆಯ ಮಗನಿಗೆ ತೀರಿಹೋದ ನನ್ನ ಗಂಡನ ಹೆಸರಿಡುವುದೆಂದು, ನನ್ನ ತಮ್ಮ ಸ್ಟಮಾಟಿಸ್ ಜ್ಞಾನತಂದೆಯಾಗುವುದೆಂದು ಮಗು ಹುಟ್ಟಿದ ದಿನವೇ ಮಾತಾಗಿತ್ತು. ಸ್ಟಮಾಟಿಸ್ ಪೀಚ್ ಹಣ್ಣಿನ ಲಾರಿ ಓಡಿಸುವವನು, ಮಕ್ಕಳಿಲ್ಲ. ಜ್ಞಾನತಂದೆಯಾದವನು ಇಗರ್ಜಿಯಲ್ಲಿ ವಿಶ್ವಾಸದ ಪ್ರಮಾಣ ಹೇಳಬೇಕಲ್ಲ, ಅದನ್ನು ಲಾರಿಯಲ್ಲಿ ಹೇಳಿಕೊಂಡು ಹೇಳಿಕೊಂಡು ಬಾಯಿಪಾಠ ಮಾಡಿದ. ಉಡುಪನ್ನು ನನ್ನ ಅಂಗಡಿಯಲ್ಲೇ ಆರಿಸಿದ, ತಮ್ಮನಿಂದ ದುಡ್ಡು ಬೇಡವೆಂದರೆ ಕೋಪ ಮಾಡಿಕೊಂಡ. ಹೋದ ವಾರ ಮಗಳು ಅಂಗಡಿಗೆ ಬಂದು ನನ್ನ ಮುಖ ನೋಡದೆ ರಿಬ್ಬನ್ನುಗಳನ್ನು ಸುತ್ತತೊಡಗಿದಳು.

"ಅಮ್ಮಾ, ಸ್ಟಮಾಟಿಸ್ ಮಾವನಿಗೆ ನೀನೇ ಹೇಳಿಬಿಡು. ನನ್ನ ಬಾಯಲ್ಲಿ ಬರಲ್ಲ."

"ಏನಂತ ಹೇಳ್ಲೇ?"

"ಸಂಸದರು ಬರ್ತಾರಂತೆ. ಅವರ ಆಫೀಸಿನವರೇ ಫೋನ್ ಮಾಡಿದ್ರು."

"ನೀವು ಕೇಳಿದ್ರೋ, ಅವರಾಗೇ ಹೇಳಿದ್ರೋ?"

"ಯಾರೂ ಏನೂ ಕೇಳ್ಲಿಲ್ಲಮ್ಮ. ಮಗು ಚೆನ್ನಾಗಿದ್ಯಾ, ಜ್ಞಾನಸ್ನಾನ ಯಾವತ್ತು, ಲಾಂಬ್ರೋಸ್ ಗುತ್ತಿಗೆ ಅಕ್ಟೋಬರಿಗೆ ಮುಗಿಯುತ್ತಲ್ವಾ ಅಂತ ಒಂದೇ ಉಸಿರಲ್ಲಿ ವಿಚಾರಿಸಿದ್ರು. ಅರ್ಥ ಆಗದೇ ಇರೋಕೆ ನಾನೇನು ಎಳೆಮಗುವಾ?"

"ಎಳೆಮಗುವಾಗಿದ್ದಾಗ ನಿನಗೇನಾಯ್ತು ಅಂತ ಗೊತ್ತಿದ್ದೂ ಹಿಂಗಂತೀಯಲ್ಲೇ ಲೆಮೋನ್ಯಾ."

"ಹೆಸರಿಂದ ಹೊಟ್ಟೆ ತುಂಬಲ್ಲಮ್ಮ. ಅಪ್ಪನ ಕೆಲಸದಿಂದ ತುಂಬಿತ್ತು."

ಅವಳು ಆಡಿದ್ದರಲ್ಲಿ ಸುಳ್ಳಿರಲಿಲ್ಲ. ಸಂಜೆ ತಮ್ಮನಿಗೆ ವಿಷಯ ಹೇಳಿದೆ. ಅವನು ಕೂಗಾಡುತ್ತಾನೆ ಎಂದುಕೊಂಡಿದ್ದೆ, ಕೂಗಾಡಿದ್ದರೆ ಚೆನ್ನಾಗಿತ್ತು. "ಹೋಗ್ಲಿ ಬಿಡಕ್ಕ. ನಾನು ಕೊಟ್ರೆ ಒಂದು ಶಿಲುಬೆ ಕೊಟ್ಟೇನು. ಅವರು ಎಂಟು ತಿಂಗಳ ಅನ್ನ ಕೊಡ್ತಾರೆ," ಎಂದ. ಲಾರಿಯ ಕೀಲಿ ಕೈಗೆ ತೆಗೆದುಕೊಂಡು, "ಪ್ರಮಾಣ ಪೂರ್ತಿ ಬಂದಿತ್ತು ಕಣಕ್ಕ," ಎಂದ. ಐವತ್ತೆಂಟು ವರ್ಷದ ಗಂಡಸು, ಪರೀಕ್ಷೆಗೆ ಓದಿಕೊಂಡು ಹೋಗಿ ಬಾಗಿಲು ಮುಚ್ಚಿದ ಶಾಲೆಯನ್ನು ಕಂಡವನ ಹಾಗೆ ನಿಂತಿದ್ದ. ನಿಮ್ಮ ಪಕ್ಷದ ಮೇಲೆ ನನಗೆ ಅಸಹ್ಯ ಹುಟ್ಟಿದ್ದು ಆ ಹೊತ್ತಿನಲ್ಲಿ.

ನಿಮ್ಮ ಸಂಸದರು ಮೊನ್ನೆ ಖುದ್ದಾಗಿ ಅಂಗಡಿಗೆ ಬಂದರು. ಹಿಂದೆ ಫೋಟೊ ತೆಗೆಯುವವನೊಬ್ಬ. ಚೌಕದಲ್ಲಿ ನೀವು ಕೊಟ್ಟ ಮಾತನ್ನು ನೆನಪಿಸಿದೆ. ಸ್ವಲ್ಪವೂ ಕಸಿವಿಸಿಯಾಗಲಿಲ್ಲ ಆ ಮನುಷ್ಯನಿಗೆ.

"ಬದಲಾವಣೆ ತರ್ತೀವಮ್ಮ, ಆದ್ರೆ ಅದಕ್ಕೆ ಮೊದಲು ಗೆಲ್ತಾ ಇರಬೇಕಲ್ವಾ? ಹಳಬರ ಮನೆ ಒಡೀಬೇಕಾದ್ರೆ ಹಳಬರ ಬಾಗಿಲಿಂದಾನೇ ಒಳಗೆ ಹೋಗ್ಬೇಕು."

"ಒಳಗೆ ಹೋದಿರಲ್ಲ. ಒಡೆಯೋದು ಯಾವಾಗ?"

"ಜನರೇ ಕೇಳ್ತಾರಮ್ಮ. ಬೇಡ ಅಂದ್ರೆ ಅವರಿಗೇ ಬೇಜಾರು."

ಜನ ಕೇಳುತ್ತಾರೆ, ನಿಜ. ಯಾಕೆ ಕೇಳುತ್ತಾರೆ? ಗುತ್ತಿಗೆ ನಿಮ್ಮ ಜೇಬಿನಲ್ಲಿದೆ, ಅದಕ್ಕೆ. ಅದನ್ನು ಜೇಬಿನಿಂದ ತೆಗೆದು ಎಲ್ಲರಿಗೂ ಕಾಣುವ ಹಾಗೆ ಗೋಡೆಗೆ ಅಂಟಿಸಿ, ಯಾರಿಗೆ ಎಷ್ಟು ಅಂಕ, ಯಾರಿಗೆ ಕೆಲಸ ಎಂದು. ಆಮೇಲೆ ನೋಡೋಣ, ಯಾವ ತಾಯಿ ತನ್ನ ಕೂಸನ್ನು ಗುರುತುಪರಿಚಯವಿಲ್ಲದ ಕೋಟಿನವನ ಕೈಗೆ ಕೊಡುತ್ತಾಳೋ. ಅವರ ಜೊತೆ ವಾದಿಸಿ ಪ್ರಯೋಜನವಿರಲಿಲ್ಲ. ಜ್ಞಾನತಂದೆಯಾದವನು ಪಶ್ಚಿಮಕ್ಕೆ ತಿರುಗಿ ಮಗುವಿನ ಪರವಾಗಿ ಸೈತಾನನನ್ನು ಮೂರು ಸಲ ತ್ಯಜಿಸಿ, ಅವನ ಮೇಲೆ ಉಗಿಯಬೇಕು. ಈ ಬೇಸಿಗೆಯಲ್ಲಿ ನಿಮ್ಮ ಸಂಸದರು ಅದೆಷ್ಟು ಸಲ ತ್ಯಜಿಸಿದ್ದಾರೋ ಏನೋ. ಪ್ರತಿ ಸಲವೂ ಸೈತಾನ ಇಗರ್ಜಿಯ ಹೊರಗೆ ಕಾರಿನಲ್ಲಿ ಕೂತು ಕಾಯುತ್ತಾನೆ, ಇಬ್ಬರೂ ಕೂಡಿ ಮುಂದಿನ ಊರಿಗೆ ಹೋಗುತ್ತಾರೆ.

ಹೊಸ ಪಕ್ಷ ನಿಜವಾದ ಬದಲಾವಣೆ ತರಬಲ್ಲುದೇ ಎಂದು ಈಗ ಯಾರಾದರೂ ಕೇಳಿದರೆ ಸೊಟೀರಿಸ್‌ನ ಅಂಗಡಿಯಲ್ಲಿ ಎಲ್ಲರೂ ನಗುತ್ತಾರೆ. ನನ್ನನ್ನು ಸುಡುವುದು ಆ ನಗು. ಹಳಬರು ಕೆಟ್ಟವರಾಗಿದ್ದರು, ಆದರೆ ನಾವು ಒಳ್ಳೆಯವರೆಂದು ಪೆಟ್ಟಿಗೆಯ ಮೇಲೆ ಹತ್ತಿ ನಿಂತವರಲ್ಲ. ಅವರಿಂದ ಮೋಸಹೋದರೂ ಬೇರೊಬ್ಬ ಬಂದಾನು ಎಂಬ ಆಸೆ ಉಳಿದಿತ್ತು. ನೀವು ಆ ಆಸೆಯನ್ನೇ ತಿಂದಿರಿ. ನಾಳೆ ಯಾವಳೋ ಒಬ್ಬ ಪ್ರಾಮಾಣಿಕ ಹುಡುಗಿ ಅದೇ ಚೌಕದಲ್ಲಿ ನಿಂತು ನೀವಾಡಿದ್ದ ಮಾತನ್ನೇ, ಮನಸಾರೆ, ಆಡುತ್ತಾಳೆ ಎಂದಿಟ್ಟುಕೊಳ್ಳಿ. ಅವಳಿಗೆ ಯಾರು ಚಪ್ಪಾಳೆ ತಟ್ಟುತ್ತಾರೆ? ನಾನಂತೂ ತಟ್ಟುವುದಿಲ್ಲ. ಕಿಟಕಿಯೊಳಗಿಂದ ಇಣುಕಿ ನೋಡಿ ಪರದೆ ಎಳೆದುಕೊಳ್ಳುತ್ತೇನೆ. ಅವಳಿಗೆ ಮಾಡುವ ಆ ಅನ್ಯಾಯವನ್ನು ಈಗಲೇ ನಿಮ್ಮ ಲೆಕ್ಕಕ್ಕೆ ಬರೆದುಕೊಳ್ಳಿ.

ಆದ್ದರಿಂದ ನನ್ನ ಬೇಡಿಕೆ ಹೀಗಿದೆ. ಶನಿವಾರ ಸಂಜೆಯ ಪ್ರಾರ್ಥನೆಯೊಳಗೆ ಪುರಸಭೆಯ ಗುತ್ತಿಗೆಗಳ ತೀರ್ಮಾನ ಅಂಕಗಳ ಸಮೇತ ಕಚೇರಿಯ ಬಾಗಿಲಿಗೆ ಅಂಟಲಿ. ಲಾಂಬ್ರೋಸ್ ಅದರಲ್ಲಿ ಇರಲಿ, ಇಲ್ಲದಿರಲಿ. ಇಲ್ಲದಿದ್ದರೆ ಪೀಚ್ ತೋಟದಲ್ಲಿ ದುಡಿಯುತ್ತಾನೆ, ಅವನಿಗೆ ಕೈಕಾಲು ಗಟ್ಟಿಯಾಗಿವೆ. ನಿಮ್ಮ ಸಂಸದರು ಭಾನುವಾರ ಮನೆಯಲ್ಲೇ ಮಲಗಲಿ. ಇದೆಲ್ಲ ಆಗದ ಮಾತು ಎನ್ನುವುದಾದರೆ, ಅವರಿಗೆ ಅಂದು ಇನ್ನೆರಡು ಇಗರ್ಜಿಗಳಿವೆ ಎಂದು ಕೇಳಿದ್ದೇನೆ, ಹೆಸರನ್ನಾದರೂ ನೆಟ್ಟಗೆ ಹೇಳಿಕೊಡಿ. ಅರ್ಗೀರಿಸ್. ಅಂಗೈ ಮೇಲೆ ಬರೆದುಕೊಂಡು ಬರಲಿ. ಅವರ ಬಾಯಿ ತಪ್ಪಿದರೆ ನಾನು ಅತ್ತೆಯ ಹಾಗೆ ಸುಮ್ಮನೆ ಹೊರಗೆ ನಡೆಯುವವಳಲ್ಲ.

ಈಗ ನನ್ನ ಅಂಗಡಿಯ ಮೇಜಿನ ಮೇಲೆ ಎರಡು ಬಿಳಿ ಅಂಗಿಗಳಿವೆ. ಒಂದು ನಿಮ್ಮ ಕಚೇರಿ ಹೇಳಿಕಳಿಸಿದ್ದು, ಒಂದು ನನ್ನ ತಮ್ಮ ಕೊಂಡದ್ದು. ಎರಡೂ ಒಂದೇ ಅಳತೆ, ಎರಡನ್ನೂ ನಾನೇ ಹೊಲಿದದ್ದು. ಭಾನುವಾರ ನೀರಿನಿಂದ ಎದ್ದ ಮಗು ಯಾವುದನ್ನು ತೊಡಬೇಕು ಎಂಬುದನ್ನು ಅದರ ತಾಯಿ ತೀರ್ಮಾನಿಸಲಾರಳು, ತಂದೆ ತೀರ್ಮಾನಿಸಲಾರ, ನಾನೂ ತೀರ್ಮಾನಿಸಲಾರೆ. ಎಂದೂ ಆ ಮಗುವಿನ ಮುಖ ನೋಡದ ನೀವು ತೀರ್ಮಾನಿಸಬೇಕು. ನಮ್ಮನ್ನು ಈ ಸ್ಥಿತಿಯಿಂದ ಬಿಡಿಸುತ್ತೇವೆಂದೇ ನೀವು ಓಟು ಕೇಳಿದ್ದು.

ಇಂತಿ,
ನಿಮಗೆ ಓಟು ಹಾಕಿ, ಈಗ ನಿಮಗೇ ಅಂಗಿ ಹೊಲಿಯುತ್ತಿರುವ
ಅಸಿಮೀನಾ, ಅರ್ಗೀರಿಸನ ಅಜ್ಜಿ
(ಆ ಹೆಸರು ಭಾನುವಾರ ದಕ್ಕಿದರೆ)
ಪ್ಲಾತನೋವ್ರಿಸಿ