ಒಂದು ನಂಬರಿಗೆ ಒಬ್ಬನೇ ಮನುಷ್ಯ

ಕಲ್ಯಾಣ ನಗರ
17-11-2024, ಭಾನುವಾರ

ಪ್ರೀತಿಯ ಸುರಯ್ಯಾ,

ಹೇಗಿದ್ದೀಯ? ಹೈದರಾಬಾದಿನ ನಮ್ಮ ಆಫೀಸು, ಹೊಸ ಮನೆ ಎರಡೂ ಒಗ್ಗಿದವೇ? ನಿನ್ನ ಮೆಸೇಜುಗಳಿಗೆ ಉತ್ತರ ಕೊಡದೆ ಸತಾಯಿಸಿದ್ದಕ್ಕೆ ಬೈದುಕೋ, ತಪ್ಪಿಲ್ಲ. ಫೋನಿನಲ್ಲಾದರೆ ನನ್ನ ಬಾಯಿ ನನ್ನ ಹಿಡಿತದಲ್ಲಿರುವುದಿಲ್ಲ, ನಿನಗೇ ಗೊತ್ತು. ಅದಕ್ಕೇ ಈ ಕಾಗದ.

ನಮ್ಮ ಸಾಹೇಬರು ಸಿದ್ಧಲಿಂಗೇಶರ ಪ್ರಾಜೆಕ್ಟು ಅದ್ದೂರಿಯಾಗಿ ಉದ್ಘಾಟನೆಯಾಯಿತು. ಲ್ಯಾಬಿನ ಎಲ್ಲ ಶಾಖೆಗಳ ರಕ್ತಪರೀಕ್ಷೆಯ ವಿವರ ಒಂದೇ ಡೇಟಾ ವೇರ್‌ಹೌಸಿಗೆ ಬರಬೇಕು, ಯಾರ ಸಕ್ಕರೆ ಏರುತ್ತಿದೆಯೋ ಅವರಿಗೆ ತಾನಾಗಿ ಎಚ್ಚರಿಕೆ ಹೋಗಬೇಕು, ಇಷ್ಟೇ ಕೆಲಸ, ನಿನಗೂ ಗೊತ್ತಿರುವುದೇ. ಸಾಹೇಬರು ಅದನ್ನು ಗೋಡೌನು ಅನ್ನುತ್ತಾರೆ; ಅವರಿಗೆ ತಿಳಿದಿರುವುದೂ ಅಷ್ಟೇ. ಒಳಗೆ ಏನು ಬಂದು ಬೀಳುತ್ತಿದೆ ಅನ್ನುವುದು ಆ ಮಹಾನುಭಾವರಿಗೆ ಬೇಕಿರಲಿಲ್ಲ. ಡೇಟಾ ಶುದ್ಧ ಮಾಡುವ ಮೊದಲೇ, ಎಲ್ಲ ಸರಿಯಿದ್ದರೆ ಪರದೆಯ ಮೇಲೆ ಹಸಿರು ತೋರುವ ಡ್ಯಾಶ್‌ಬೋರ್ಡು ಮಾಡಿಸಿದರು. ಇಂದಿರಾನಗರದ ಆಫೀಸಿನಲ್ಲಿ ದಿನಾ ಬೆಳಿಗ್ಗೆ ಒಂದೇ ಮಂತ್ರ: "ಗ್ರೀನ್ ತೋರ್ಸ್ರೀ ಪ್ರತಿಭಾ, ಛೇರ್ಮನ್ನರು ಗ್ರೀನ್ ನೋಡ್ಬೇಕು."

ಒಬ್ಬನೇ ರೋಗಿ ಬೇರೆ ಬೇರೆ ಶಾಖೆಗಳಲ್ಲಿ ಬೇರೆ ಬೇರೆಯಾಗಿ ದಾಖಲಾಗಿರುತ್ತಾನಲ್ಲ, ಅವನನ್ನು ಒಂದು ಮಾಡಲು ಸಾಹೇಬರೇ ಸೂತ್ರ ಕಂಡುಹಿಡಿದರು. ಮೊಬೈಲ್ ನಂಬರ್ ಒಂದೇ ಆದರೆ ಮನುಷ್ಯನೂ ಒಬ್ಬನೇ! ನಾನು ಶಿವಾಜಿನಗರದ ಶಾಖೆಯಲ್ಲಿ ಕೂತು ನೋಡಿಬಂದವಳು, ಸುಮ್ಮನಿರಲಿಲ್ಲ.

"ಸರ್, ಅಲ್ಲಿ ಮನೆಮಂದಿಯೆಲ್ಲಾ ಯಜಮಾನ್ರ ನಂಬರೇ ಕೊಡ್ತಾರೆ. ಹೆಸ್ರು, ಹುಟ್ಟಿದ ವರ್ಷಾನೂ ಹೊಂದಿಸಿ ನೋಡ್ಬೇಕು."

"ಡೇಟ್ ಫಿಕ್ಸ್ ಆಗಿದೆ. ಈಗ ತಲೆಹರಟೆ ಬೇಡ ಕಣ್ರೀ" ಅಂದರು. ಕಾರಿನ ಗಾಜು ಇಳಿಸದವರಿಗೆ ಊರಿನ ಜನ ಹೇಗೆ ಬದುಕುತ್ತಾರೆಂದು ನಾವು ಹೇಳಿಕೊಡುವುದುಂಟೇ!

ಆಮೇಲಿನದು ಕೇಳು. ನಜೀರ್ ಅಂತ ಒಬ್ಬರು ಹಣ್ಣಿನ ವ್ಯಾಪಾರಿ, ಹಲ್ಲೆಲ್ಲ ಉದುರಿದ ಮುದುಕರು. ಅವರ ಸೊಸೆ ಗರ್ಭಿಣಿ. ಮುದುಕರಿಗೇ ಮೆಸೇಜ್ ಹೋಯಿತು: "ನಜೀರ್ ಅವರೇ, ನಿಮ್ಮ ಐದನೇ ತಿಂಗಳ ಪರೀಕ್ಷೆಗೆ ಬನ್ನಿ." ಆಫೀಸಿನಲ್ಲಿ ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ.

ಆ ಮನೆಯಲ್ಲಿ ಸಕ್ಕರೆ ಕಾಯಿಲೆಯಿದ್ದದ್ದು ನಜೀರರ ಹೆಂಡತಿಗೆ. ಆಕೆಯ ಸಕ್ಕರೆಯನ್ನು ಮಗ, ಸೊಸೆ, ಮೊಮ್ಮಕ್ಕಳ ಸಕ್ಕರೆಯ ಜೊತೆ ಕಲಸಿ, ಸರಾಸರಿ ತೆಗೆದು, ಸಾಹೇಬರ ಗೋಡೌನು ಎಲ್ಲ ಚೆನ್ನಾಗಿದೆ ಅಂತ ಹಸಿರು ತೋರಿಸಿತು. ಮೊದಲೆಲ್ಲ ಸಕ್ಕರೆ ಏರಿದರೆ ಶಾಖೆಯವರೇ ಫೋನ್ ಮಾಡಿ ಹೇಳುತ್ತಿದ್ದರು. ಇನ್ನು ಕಂಪ್ಯೂಟರ್ ಹೇಳುತ್ತದೆಂದು ಅದನ್ನೂ ನಿಲ್ಲಿಸಿಯಾಗಿತ್ತು. ಯಾರೂ ಹೇಳಲಿಲ್ಲ. ಆಕೆಯ ಕಾಲಿನ ಗಾಯ ಮಾಯದೆ ಕೊಳೆತು, ಹೋದ ತಿಂಗಳು ಪಾದವನ್ನೇ ತೆಗೆದರು.

"ನಮ್ ಟೀಮ್‌ನೋರು ಟೈಮಿಗೆ ಸರಿಯಾಗಿ ಹೇಳ್ಲಿಲ್ಲ" ಅಂತ ಸಾಹೇಬರು ವಿಚಾರಣೆಯಲ್ಲಿ ಕೈ ತೊಳೆದುಕೊಂಡರು. ಟೀಮ್ ಅಂದರೆ ನಾನು. ಈಗ ನನಗೆ ಕೆ.ಆರ್. ಪುರದ ಶಾಖೆಯಲ್ಲಿ ಪ್ರಿಂಟರುಗಳ ಉಸ್ತುವಾರಿ. ದಿನಾ ಟಿನ್ ಫ್ಯಾಕ್ಟರಿಯ ಟ್ರಾಫಿಕ್ಕಿನಲ್ಲಿ ಕೂತು ಅವರನ್ನು ಮನಸಾರೆ ಶಪಿಸುತ್ತೇನೆ. ಅವರಿಗೋ ಕಂಪನಿಯ ಪ್ರಶಸ್ತಿ! ಫೋಟೋದಲ್ಲಿ ಮದುಮಗನ ಹಾಗೆ ಹಲ್ಲು ಕಿರಿದಿದ್ದಾರೆ, ಅಸಹ್ಯ.

ಇರಲಿ. ಅಲಿಯಾ ಚೆನ್ನಾಗಿ ಓದಲಿ, ಹೊಸ ಶಾಲೆಯಲ್ಲಿ ಒಳ್ಳೆಯ ಗೆಳತಿಯರು ಸಿಗಲಿ. ಅವಳಿಗೆ ನನ್ನ ಮುತ್ತು. ನಿಮ್ಮೆಲ್ಲರನ್ನೂ ದೇವರು ಆರೋಗ್ಯವಾಗಿಟ್ಟಿರಲಿ.

ಇಂತಿ,
ನಿನ್ನ ಪ್ರತಿಭಾ

ವಿ.ಸೂ.: ಇದನ್ನು ಮೇಲೆ ಬರೆಯಲು ಕೈ ಬರಲಿಲ್ಲ. ನಾನು ಸಾಹೇಬರ ಜೊತೆ ವಾದಿಸಿದ ದಿನ ನೀನೂ ವಿಡಿಯೋ ಮೀಟಿಂಗಿನಲ್ಲಿದ್ದೆ. "ಸುರಯ್ಯಾ, ನೀವು ಶಿವಾಜಿನಗರದವ್ರಲ್ವಾ, ನೀವೇ ಹೇಳಿ" ಅಂತ ಅವರು ಕೇಳಿದರು. "ಇಲ್ಲ ಸರ್, ಅದೆಲ್ಲಾ ಹಳೇ ಕಾಲ. ಈಗ ಒಬ್ಬೊಬ್ರಿಗೂ ಒಂದೊಂದು ಫೋನಿದೆ" ಅಂತ ನೀನು ಅಂದುಬಿಟ್ಟೆ. ಅಲ್ಲಿಗೆ ನನ್ನ ಮಾತು ಬಿದ್ದುಹೋಯಿತು. ನಿನ್ನ ಅಮ್ಮಿಯ ಥೈರಾಯ್ಡ್ ಪರೀಕ್ಷೆಗೆ ನೀನು ಅಬ್ಬಾನ ನಂಬರ್ ಬರೆಸುವಾಗ ಪಕ್ಕದಲ್ಲಿ ನಿಂತಿದ್ದವಳು ನಾನು. ಸಿದ್ಧಲಿಂಗೇಶ ಎಂಥವನೆಂದು ನನಗೆ ಮೊದಲೇ ಗೊತ್ತಿತ್ತು. ಆ ಸೂಟಿನವರ ಮುಂದೆ ನಿನ್ನ ಮನೆಯ ಬಗ್ಗೆ ನಿನಗೆ ನಾಚಿಕೆಯಾಯಿತೇ? ಆ ಮನೆಯಲ್ಲಿ ನಾನು ಎಷ್ಟು ಸಲ ಉಂಡಿದ್ದೇನೆ, ಸುರಯ್ಯಾ.